ವೃಕ್ಷವನಕ್ಕೆ ರಾಜಮುದ್ರೆ



ಊರ ಹೊರಗಿನ ಹುಣಸೆತೋಪನ್ನು ನೀವೆಲ್ಲರೂ ಕಂಡಿರುವಿರಿ. ಅದನ್ನು ನೆಟ್ಟವರು ಯಾರೆಂದು ಕೇಳಿದರೆ ಹಿರಿಯರು, ತಮ್ಮ ಮುತ್ತಜ್ಜನ ಕಾಲಕ್ಕೂ ಅದು ಹೀಗೆಯೇ ಇತ್ತಂತೆ ಎನ್ನುತ್ತಾರೆ. ಅದು ಯಾರದೆಂದು ಕೇಳಿದರೆ 'ಊರಿನದು' ಎಂಬ ಉತ್ತರ ಬರುತ್ತದೆ. ಈ ಎರಡನೆಯ ಮಾತು ಕಿವಿಗೆ ಇಂಪಾಗಿದೆ. ಆದರೆ ರಸ್ತೆಯನ್ನು ಅಗಲಿಸುವ ದಿನ, ಇಲ್ಲವೇ ಹೊಸ ಕಟ್ಟಡಕ್ಕಾಗಿ ಅಳತೆಯ ಸರಪಳಿ ಬಂದು ಬೀಳುವ ದಿನ, ಆ ಮಾತಿಗೆ ಎಷ್ಟು ಬಲವಿದೆಯೆಂಬುದು ತಿಳಿದುಬರುತ್ತದೆ. ಎಲ್ಲರಿಗೂ ಸೇರಿದ ವಸ್ತುವಿನ ಪರವಾಗಿ ಎದ್ದು ನಿಂತು ಮಾತನಾಡಬೇಕಾದವರು ಯಾರು? ಬಾಯಿಮಾತಿನಲ್ಲಿರುವ ಒಡೆತನಕ್ಕೂ ಬರಹದಲ್ಲಿರುವ ಒಡೆತನಕ್ಕೂ ಎಷ್ಟು ಅಂತರ? ಮರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಲೋಕದ ಬೇರೆ ಬೇರೆ ಕಡೆಗಳಲ್ಲಿ ಜನರು ಹೇಗೆ ಬಿಡಿಸಿಕೊಂಡರೆಂಬುದನ್ನು ಈ ಪಾಠದಲ್ಲಿ ನೋಡೋಣ. ಪೋಷಕರು ಮಕ್ಕಳೊಡನೆ ಕುಳಿತು ಇದನ್ನು ಓದಬೇಕೆಂದು ಕೋರಿಕೆ. ಏಕೆಂದರೆ ಇದರ ಕೊನೆಯಲ್ಲಿ ಅವರಿಗೂ ಒಂದು ಕೆಲಸವಿದೆ.

೧. ವೃಕ್ಷವನವೆಂದರೆ ಏನು?

ಮರಗಳು ಗುಂಪಾಗಿರುವ ಎಡೆಗೆ ನಮ್ಮಲ್ಲಿ ಹಲವು ಹೆಸರುಗಳುಂಟು. ತಾನಾಗಿ ಬೆಳೆದದ್ದು ಕಾಡು. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟದ್ದು ತೋಪು. ಫಲಕ್ಕಾಗಿ ನೀರೆರೆದು ಬೆಳೆಸಿದ್ದು ತೋಟ. ಕಣ್ಣಿಗೆ ತಂಪಾಗಲೆಂದು ಹೂಗಿಡ, ಹುಲ್ಲುಹಾಸು, ಕಾರಂಜಿಗಳೊಡನೆ ರಚಿಸಿದ್ದು ಉದ್ಯಾನ. ಇವೆಲ್ಲವುಗಳಿಂದಲೂ ಸ್ವಲ್ಪ ಬೇರೆಯಾದುದು ವೃಕ್ಷವನ. ಹಲವು ದೇಶಗಳ, ಹಲವು ಜಾತಿಗಳ ಮರಗಳನ್ನು ಅಭ್ಯಾಸದ ಸಲುವಾಗಿ ಒಂದೆಡೆ ನೆಟ್ಟು, ಪ್ರತಿಯೊಂದಕ್ಕೂ ಹೆಸರಿನ ಫಲಕವನ್ನು ಕಟ್ಟಿ, ಅದು ಎಲ್ಲಿಂದ ಬಂತು, ಯಾವ ವರ್ಷ ನೆಡಲಾಯಿತು, ಯಾವಾಗ ಹೂಬಿಟ್ಟಿತು, ಎಂದು ಕಾಯಿ ಕಚ್ಚಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಆ ಸ್ಥಳವು ವೃಕ್ಷವನವೆನಿಸುತ್ತದೆ. ಅದನ್ನು ಮರಗಳ ಗ್ರಂಥಾಲಯವೆಂದರೆ ತಪ್ಪಾಗದು. ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿ ಕಿತ್ತುಹೋದರೆ ಪುಸ್ತಕ ಇದ್ದೂ ಇಲ್ಲದಂತಾಗುವ ಹಾಗೆ, ವೃಕ್ಷವನದಲ್ಲಿ ದಾಖಲೆ ಕಳೆದುಹೋದ ಮರವು ಬರಿಯ ನೆರಳಾಗಿ ಉಳಿಯುತ್ತದೆ.

ಫಲಕದಿಂದ ಎಷ್ಟು ತಿಳಿವಳಿಕೆ ದೊರೆಯಬಲ್ಲುದೆಂಬುದಕ್ಕೆ ಹುಣಸೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾವು ಹುಣಸೆ ಎನ್ನುವುದನ್ನು ತಮಿಳರೂ ಮಲೆಯಾಳಿಗಳೂ ಪುಳಿ ಎನ್ನುತ್ತಾರೆ. ತೆಲುಗರು ಚಿಂತ ಎನ್ನುತ್ತಾರೆ. ಮರಾಠಿಗರು ಚಿಂಚ ಎನ್ನುತ್ತಾರೆ. ಗಡಿನಾಡಿನ ಮಕ್ಕಳಾದ ನಿಮಗೆ ಇವುಗಳಲ್ಲಿ ಎರಡು ಹೆಸರುಗಳಾದರೂ ಬಾಯಲ್ಲೇ ಇರುತ್ತವೆ. ಸಸ್ಯಶಾಸ್ತ್ರಜ್ಞರು ಲೋಕಕ್ಕೆಲ್ಲ ಒಂದೇ ಹೆಸರಿರಲೆಂದು ಅದನ್ನು ಟ್ಯಾಮರಿಂಡಸ್ ಇಂಡಿಕಾ ಎಂದು ಕರೆದರು. ಅರಬರು ಅದನ್ನು 'ಹಿಂದ್ ದೇಶದ ಖರ್ಜೂರ' ಎಂಬ ಅರ್ಥ ಬರುವಂತೆ ತಮರ್ ಹಿಂದ್ ಎಂದಿದ್ದರು. ಶಾಸ್ತ್ರೀಯ ನಾಮ ಬಂದುದು ಅದರಿಂದಲೇ. ಇಷ್ಟಾಗಿಯೂ ಮರದ ಮೂಲ ತವರು ಆಫ್ರಿಕಾ ಖಂಡ. ನಮ್ಮ ಸಾರಿಗೆ ಹುಳಿಯೊದಗಿಸುವ ಮರವು ಬಹು ಪ್ರಾಚೀನ ಕಾಲದಲ್ಲಿ ನೆಂಟನಾಗಿ ಬಂದು ಮನೆಯವನೇ ಆಗಿ ನಿಂತಿತು. ಇಷ್ಟು ಸಂಗತಿಗಳು ಒಂದು ಗೇಣಗಲದ ಫಲಕದಲ್ಲಿ ಅಡಗಬಲ್ಲವು.

ವೃಕ್ಷವನಕ್ಕೆ ಇನ್ನೊಂದು ಲಕ್ಷಣವುಂಟು. ಅದು ದೀರ್ಘಕಾಲ ಬಾಳಬೇಕು. ಭತ್ತದ ಪ್ರಯೋಗವು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಮರದ ಪ್ರಯೋಗಕ್ಕೆ ಐವತ್ತು ವರ್ಷ, ನೂರು ವರ್ಷ ಬೇಕು. ನೋಡಿಕೊಳ್ಳುವ ಅಧಿಕಾರಿಯ ಸೇವಾವಧಿಯಾದರೋ ಮೂವತ್ತು ವರ್ಷ. ಆದಕಾರಣ ಒಬ್ಬ ಮನುಷ್ಯನ ಆಸಕ್ತಿಯನ್ನೇ ನೆಚ್ಚಿಕೊಂಡ ವೃಕ್ಷವನವು ಆತನೊಡನೆಯೇ ಮುಗಿದುಹೋಗುವ ಭಯವಿರುತ್ತದೆ. ಸರ್ಕಾರದ ಮಾನ್ಯತೆ ಬೇಕೆಂಬ ಮಾತು ಹುಟ್ಟುವುದು ಇಲ್ಲಿಯೇ.

೨. ಕೈಯಿಂದ ಕೈಗೆ ಹೋದ ಲಾಲ್‌ಬಾಗ್

ಹೊಸೂರಿನಿಂದ ನಲವತ್ತು ಕಿಲೋಮೀಟರುಗಳಷ್ಟು ದೂರದಲ್ಲಿರುವ ಬೆಂಗಳೂರಿನ ಲಾಲ್‌ಬಾಗನ್ನು ನಿಮ್ಮಲ್ಲಿ ಹಲವರು ಪ್ರವಾಸದಲ್ಲಿ ನೋಡಿದ್ದಿರಬಹುದು. ಅದನ್ನು ೧೭೬೦ರಲ್ಲಿ ಹೈದರಾಲಿಯು ಸುಮಾರು ೪೦ ಎಕರೆ ನೆಲದಲ್ಲಿ ಆರಂಭಿಸಿದನು. ಮಡಕಶಿರಾ ಸೀಮೆಯ ನೆರೆಯಲ್ಲಿರುವ ಸಿರಾ ಪಟ್ಟಣದ ಮೊಗಲ ತೋಟವೇ ಅವನಿಗೆ ಮಾದರಿಯಾಯಿತೆಂದು ಹೇಳುವರು. ಅವನ ಮಗ ಟಿಪ್ಪುಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ನೆಡಿಸಿದನು. ೧೮೦೦ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಆ ತೋಟಗಳ ವರ್ಣನೆಯನ್ನು ಬರೆದಿಟ್ಟಿದ್ದಾನೆ. ಚೌಕಚೌಕವಾದ ಮಡಿಗಳು, ನಡುವೆ ಕಾಲುದಾರಿಗಳು, ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳು, ಒಂದೊಂದು ಮಡಿಗೆ ಒಂದೊಂದೇ ಬಗೆಯ ಗಿಡ. ಹೀಗೆ ಅಂದಿನ ವ್ಯವಸ್ಥೆಯಿದ್ದಿತು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ತೋಟದ ಒಡೆಯನು ಇಲ್ಲವಾದನು. ಅಲ್ಲಿಂದ ಮುಂದಿನ ಐವತ್ತೇಳು ವರ್ಷಗಳ ಕಥೆಯನ್ನು ಗಮನವಿಟ್ಟು ಓದಿರಿ. ಮೊದಲು ಅದು ಮೇಜರ್ ವಾ ಎಂಬ ಸಸ್ಯಪ್ರಿಯ ಸೇನಾಧಿಕಾರಿಯ ವಶವಾಯಿತು. ೧೮೧೯ರಲ್ಲಿ ಆತನು ಅದನ್ನು ಕಂಪೆನಿ ಸರ್ಕಾರಕ್ಕೆ ಒಪ್ಪಿಸಲು, ಅದು ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ ಡಾಕ್ಟರ್ ವಾಲಿಚ್‌ನ ಅಧೀನಕ್ಕೆ ಬಂದಿತು. ಮೇಲ್ವಿಚಾರಕನಿದ್ದದ್ದು ಕಲಕತ್ತೆಯಲ್ಲಿ, ಮರಗಳಿದ್ದದ್ದು ಬೆಂಗಳೂರಿನಲ್ಲಿ! ೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡಾಗ ತೋಟವು ಕಮಿಷನರರ ಕೈಸೇರಿತು. ೧೮೩೬ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಅದರ ಹೊಣೆ ಹೊತ್ತಿತು. ವಿಲಿಯಂ ಮನ್ರೋ ಎಂಬುವನು ಅದರ ಕಾರ್ಯದರ್ಶಿ. ಸಂಘದ ಸದಸ್ಯರಲ್ಲಿ ಉತ್ಸಾಹವೇನೋ ಇದ್ದಿತು. ಆದರೆ ಆರೇ ವರ್ಷಗಳಲ್ಲಿ, ಎಂದರೆ ೧೮೪೨ರಲ್ಲಿ, ಸಂಘವು ವಿಸರ್ಜನೆಯಾಯಿತು. ತೋಟವು ಮರಳಿ ಕಮಿಷನರರ ಕೈಗೆ ಬಂದಿತು.

ಒಂದು ಮರವು ಚೆನ್ನಾಗಿ ಬೇರೂರಿ ನಿಲ್ಲುವಷ್ಟರಲ್ಲಿ ಅದರ ಯಜಮಾನರು ಎಷ್ಟು ಬಾರಿ ಬದಲಾದರು, ನೋಡಿರಿ. ಇವರಲ್ಲಿ ಯಾರನ್ನೂ ಕೆಟ್ಟವರೆನ್ನಲಾಗದು. ಹಲವರು ಸಸ್ಯಗಳನ್ನು ಪ್ರೀತಿಸಿದವರೇ. ಕೊರತೆಯಿದ್ದದ್ದು ವ್ಯವಸ್ಥೆಯಲ್ಲಿ. ಇಂಥ ತೋಟಕ್ಕೆ ಇಂಥ ಉದ್ದೇಶ, ಇಂಥ ಅಧಿಕಾರಿ, ವರ್ಷಕ್ಕೆ ಇಷ್ಟು ಹಣ ಎಂಬ ನಿಯಮವು ಬರಹದಲ್ಲಿ ಇರಲಿಲ್ಲ.

ಆ ನಿಯಮ ಬಂದದ್ದು ೧೮೫೬ರಲ್ಲಿ. ಮದರಾಸು ಆಧಿಪತ್ಯದ ಅರಣ್ಯಗಳ ರಕ್ಷಣೆಗಾಗಿ ದುಡಿದ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್‌ನ ಸಲಹೆಯೂ, ಕಮಿಷನರ್ ಮಾರ್ಕ್ ಕಬ್ಬನ್‌ನ ಒಪ್ಪಿಗೆಯೂ ಕೂಡಿಬಂದು ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಎಂಬುವನು ೧೮೫೮ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದನು. ೧೮೭೪ರಲ್ಲಿ ಬಂದ ಜಾನ್ ಕ್ಯಾಮರಾನ್ ಉದ್ಯಾನವನ್ನು ಬಹಳವಾಗಿ ವಿಸ್ತರಿಸಿದನು. ನಾವು ಪಲ್ಯಕ್ಕೂ ಹುಳಿಗೂ ಬಳಸುವ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವನು ಆತನೇ ಎಂದು ಹೇಳುವರು. ಗಾಜಿನ ಮನೆಗೆ ೧೮೮೯ರ ನವೆಂಬರ್ ೩೦ರಂದು ಅಡಿಗಲ್ಲು ಬಿದ್ದದ್ದೂ ಅವನ ಕಾಲದಲ್ಲಿಯೇ. ೧೯೦೮ರಲ್ಲಿ ಜರ್ಮನಿಯ ಕೃಂಬಿಗಲ್, ೧೯೩೨ರಲ್ಲಿ ನಮ್ಮವರೇ ಆದ ಎಚ್. ಸಿ. ಜವರಾಯ, ಅನಂತರ ಎಂ. ಎಚ್. ಮರೀಗೌಡ, ಹೀಗೆ ಒಬ್ಬರು ನಿಲ್ಲಿಸಿದ ಕೆಲಸವನ್ನು ಮತ್ತೊಬ್ಬರು ಕೈಗೆತ್ತಿಕೊಂಡರು. ಇಂದು ಲಾಲ್‌ಬಾಗಿನ ವಿಸ್ತೀರ್ಣವು ೨೪೦ ಎಕರೆ. ಅಲ್ಲಿರುವ ಸಸ್ಯಜಾತಿಗಳು ಸಾವಿರಕ್ಕೂ ಮಿಕ್ಕಿವೆ.

೧೭೯೯ರಿಂದ ೧೮೫೬ರ ವರೆಗಿನ ಕಥೆಯನ್ನೂ ಅದರ ಮುಂದಿನ ಕಥೆಯನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಮಾನ್ಯತೆಯ ಬೆಲೆ ತಾನಾಗಿ ತಿಳಿಯುತ್ತದೆ. ಮೊದಲನೆಯ ಅವಧಿಯಲ್ಲಿ ಮನುಷ್ಯರು ಬದಲಾದಾಗ ತೋಟದ ಗತಿಯೂ ಬದಲಾಯಿತು. ಎರಡನೆಯ ಅವಧಿಯಲ್ಲಿ ಮನುಷ್ಯರು ಬದಲಾದರೂ ತೋಟ ಮುಂದುವರಿಯಿತು.

೩. ವಂತಿಗೆಯಿಂದ ಬೆಳೆದ ಉದಕಮಂಡಲದ ಉದ್ಯಾನ

ನೀಲಗಿರಿಯ ಉದಕಮಂಡಲದ ಕಥೆ ಮತ್ತೊಂದು ಬಗೆಯದು. ಅಲ್ಲಿ ನೆಲೆಸಿದ್ದ ಐರೋಪ್ಯರು ೧೮೪೫ರ ಹೊತ್ತಿಗೆ ತಮಗೆ ಬೇಕಾದ ತರಕಾರಿಗಳು ಸುಲಭಬೆಲೆಗೆ ದೊರೆಯಲೆಂದು ತಿಂಗಳ ವಂತಿಗೆ ಕೂಡಿಸಿ ಒಂದು ತೋಟವನ್ನು ಮಾಡಿದರು. ವಂತಿಗೆಯ ವ್ಯವಹಾರ ಬಹುಕಾಲ ನಡೆಯಲಿಲ್ಲ. ಆಗ ಅದನ್ನು ಸಾರ್ವಜನಿಕ ಉದ್ಯಾನವನ್ನಾಗಿ ಮಾರ್ಪಡಿಸಬೇಕೆಂಬ ಆಲೋಚನೆ ಹುಟ್ಟಿತು. ಮದರಾಸಿನ ಗವರ್ನರನಾಗಿದ್ದ ಟ್ವೀಡೇಲ್ ಪ್ರಭುವು ಅದಕ್ಕೆ ಒತ್ತಾಸೆಯಾಗಿ ನಿಂತನು. ೧೮೪೮ರಲ್ಲಿ ಕ್ಯೂ ಉದ್ಯಾನದಲ್ಲಿ ತರಬೇತು ಹೊಂದಿದ್ದ ವಿಲಿಯಂ ಗ್ರಹಾಂ ಮೆಕೈವರ್ ಬಂದನು. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಕಾಡೂ ಜೌಗೂ ಆಗಿದ್ದ ನೆಲವನ್ನು ಹಂತಹಂತವಾಗಿ ಕಡಿದು ರೂಪಿಸಲು ಅವನಿಗೆ ಹತ್ತು ವರ್ಷಗಳಷ್ಟು ಕಾಲ ಹಿಡಿಯಿತು.

ಸುಮಾರು ೫೫ ಎಕರೆಗಳ ಈ ಉದ್ಯಾನವನ್ನು ಇಂದು ತಮಿಳುನಾಡಿನ ತೋಟಗಾರಿಕೆ ಇಲಾಖೆಯು ನೋಡಿಕೊಳ್ಳುತ್ತಿದೆ. ಎರಡು ಕೋಟಿ ವರ್ಷಗಳಷ್ಟು ಹಳೆಯದೆನ್ನಲಾದ, ಕಲ್ಲಾಗಿ ಮಾರ್ಪಟ್ಟ ಮರದ ಕಾಂಡವೊಂದು ಅಲ್ಲಿದೆ. ಉದ್ಯಾನದ ಮೇಲುಭಾಗದಲ್ಲಿ ತೋಡರ ಮಂದು ಇದೆ. ಉದ್ಯಾನ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಆ ಬೆಟ್ಟಗಳಲ್ಲಿ ಎಮ್ಮೆಗಳನ್ನು ಮೇಯಿಸಿಕೊಂಡು ಬಾಳಿದ ಜನ ಅವರು. ಸರ್ಕಾರವು ಒಂದು ನೆಲಕ್ಕೆ ಹೊಸ ಹೆಸರಿಡುವಾಗ, ಅಲ್ಲಿ ಮೊದಲಿನಿಂದ ಇದ್ದವರ ನೆನಪು ಅಳಿಸಿಹೋಗಬಾರದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದೆ ಇದು ನಮಗೆ ಬೇಕಾಗುತ್ತದೆ.

೪. ಸಾವಿರ ವರ್ಷದ ಗೇಣಿ

ಈಗ ಸಮುದ್ರದಾಚೆಗೆ ಹೋಗೋಣ. ಅಮೆರಿಕದ ಬಾಸ್ಟನ್ ನಗರದಲ್ಲಿ ಆರ್ನಲ್ಡ್ ವೃಕ್ಷವನವೆಂಬುದೊಂದಿದೆ. ಜೇಮ್ಸ್ ಆರ್ನಲ್ಡ್ ಎಂಬ ವರ್ತಕನು ಮರಣಶಾಸನದಲ್ಲಿ ಬಿಟ್ಟುಹೋದ ಹಣದಿಂದ ೧೮೭೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಅದನ್ನು ಸ್ಥಾಪಿಸಿತು. ಚಾರ್ಲ್ಸ್ ಸಾರ್ಜೆಂಟ್ ಅದರ ನಿರ್ದೇಶಕ. ನೆಲವಿತ್ತು, ಮರಗಳಿದ್ದವು, ಆದರೆ ರಸ್ತೆ ಮಾಡಿಸುವುದಕ್ಕೂ ಕಾವಲಿಗೂ ಹಣ ಸಾಲದು. ನಗರಕ್ಕಾದರೋ ಜನರ ವಿಹಾರಕ್ಕಾಗಿ ಉಪವನಗಳು ಬೇಕಾಗಿದ್ದವು. ಆಗ ಸಾರ್ಜೆಂಟನೂ ಉಪವನಗಳ ರಚನೆಯಲ್ಲಿ ಪ್ರಸಿದ್ಧನಾದ ಓಲ್ಮ್‌ಸ್ಟೆಡ್ಡನೂ ಸೇರಿ ಒಂದು ಉಪಾಯ ಹೂಡಿದರು. ೧೮೮೨ರಲ್ಲಿ ವಿಶ್ವವಿದ್ಯಾನಿಲಯವು ನೆಲವನ್ನು ನಗರಕ್ಕೆ ಬಿಟ್ಟುಕೊಟ್ಟಿತು. ನಗರವು ಅದೇ ನೆಲವನ್ನು ವರ್ಷಕ್ಕೆ ಒಂದು ಡಾಲರಿನಂತೆ ಸಾವಿರ ವರ್ಷಗಳ ಅವಧಿಗೆ ವಿಶ್ವವಿದ್ಯಾನಿಲಯಕ್ಕೆ ಗೇಣಿಗೆ ಕೊಟ್ಟಿತು. ರಸ್ತೆ ಮತ್ತು ಕಾವಲು ನಗರದ ಹೊಣೆ. ಮರ ಮತ್ತು ವಿದ್ಯೆ ವಿಶ್ವವಿದ್ಯಾನಿಲಯದ ಹೊಣೆ. ಜನರಿಗೆ ಬಾಗಿಲು ಸದಾ ತೆರೆದಿರಬೇಕು. ಸಾವಿರ ವರ್ಷ ಮುಗಿದ ಮೇಲೆ ಗೇಣಿಯನ್ನು ಮತ್ತೆ ಸಾವಿರ ವರ್ಷಕ್ಕೆ ಮುಂದುವರಿಸಬಹುದೆಂಬ ಮಾತೂ ಅದರಲ್ಲಿದೆ!

ಇದನ್ನು ಕೇಳಿ ನಗು ಬರಬಹುದು. ಕ್ರಿ. ಶ. ೨೮೮೨ರಲ್ಲಿ ಯಾವ ನಗರ, ಯಾವ ವಿಶ್ವವಿದ್ಯಾನಿಲಯ ಇರುವುದೋ ಬಲ್ಲವರು ಯಾರು? ಆದರೂ ಕಾಗದ ಬರೆದವರು ತಮ್ಮ ಆಯುಷ್ಯದ ಅಳತೆಯನ್ನು ಬದಿಗಿಟ್ಟು ಮರದ ಆಯುಷ್ಯದ ಅಳತೆಯಲ್ಲಿ ಆಲೋಚಿಸಿದರಲ್ಲವೇ? ಅದು ಮೆಚ್ಚತಕ್ಕ ಬುದ್ಧಿ.

ಅದೇ ದೇಶದ ವರ್ಜೀನಿಯಾ ಸಂಸ್ಥಾನದಲ್ಲಿ ಮತ್ತೊಂದು ನಿದರ್ಶನವಿದೆ. ಗ್ರಹಾಂ ಬ್ಲ್ಯಾಂಡಿ ಎಂಬ ಭೂಮಾಲೀಕನ ಮರಣಾನಂತರ ೧೯೨೬ರಲ್ಲಿ ಅವನ ಸುಮಾರು ೭೦೦ ಎಕರೆ ಭೂಮಿಯು ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅಲ್ಲಿನ ಮೊದಲ ನಿರ್ದೇಶಕನಾದ ಆರ್ಲಂಡ್ ವೈಟ್ ಎಂಬ ಸಸ್ಯವಿಜ್ಞಾನಿಗೆ ಒಂದು ಸಂದೇಹವಿತ್ತು. ಗಿಂಕ್ಗೊ ಎಂಬ ಅತಿ ಪ್ರಾಚೀನ ಜಾತಿಯ ಮರದಲ್ಲಿ, ನಮ್ಮ ತಾಳೆಯಲ್ಲಿರುವಂತೆ, ಗಂಡುಮರ ಬೇರೆ, ಹೆಣ್ಣುಮರ ಬೇರೆ. ಒಂದೇ ತಾಯಿಮರದ ಬೀಜಗಳನ್ನು ಬಿತ್ತಿದರೆ ಗಂಡೆಷ್ಟು, ಹೆಣ್ಣೆಷ್ಟು ಹುಟ್ಟುವುವು? ಇದನ್ನು ತಿಳಿಯಲು ಅವನು ಮುನ್ನೂರಕ್ಕೂ ಹೆಚ್ಚು ಸಸಿಗಳನ್ನು ನೆಡಿಸಿದನು. ಗಿಂಕ್ಗೊ ಸಸಿಯು ಗಂಡೋ ಹೆಣ್ಣೋ ಎಂದು ಹೊರನೋಟಕ್ಕೆ ತೋರಬೇಕಾದರೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಯಬೇಕು. ಇಂಥ ಪ್ರಶ್ನೆಗೆ ಉತ್ತರ ಪಡೆಯಬೇಕಾದರೆ ನೆಲವು ಅಷ್ಟು ಕಾಲ ಒಂದೇ ಉದ್ದೇಶಕ್ಕೆ ಮೀಸಲಾಗಿರಬೇಕು. ಆ ಗಿಂಕ್ಗೊ ತೋಪು ಇಂದಿಗೂ ಇದೆ. ಎಲೆ ಉದುರುವ ಕಾಲಕ್ಕೆ ಚಿನ್ನದ ಬಣ್ಣ ತಾಳುವ ಅದನ್ನು ನೋಡಲು ಜನರು ಗುಂಪುಗುಂಪಾಗಿ ಬರುತ್ತಾರೆ. ೧೯೮೦ರ ದಶಕದಲ್ಲಿ ಈ ವನಕ್ಕೆ 'ವರ್ಜೀನಿಯಾ ಸಂಸ್ಥಾನದ ವೃಕ್ಷವನ' ಎಂಬ ಅಧಿಕೃತ ಪದವಿ ದೊರೆಯಿತು.

೫. ಮುದ್ರೆಯ ಬಲವೂ ಮಿತಿಯೂ

ಸರ್ಕಾರದ ಮಾನ್ಯತೆಯಿಂದ ದೊರೆಯುವ ಪ್ರಯೋಜನಗಳನ್ನು ಈಗ ಕ್ರಮವಾಗಿ ಎಣಿಸಬಹುದು. ಮೊದಲನೆಯದು ಹೆಸರು: ಇದು ಬರಿಯ ಬೀಳುನೆಲವಲ್ಲ, ವೃಕ್ಷವನ ಎಂದು ಎಲ್ಲರಿಗೂ ತಿಳಿಯುತ್ತದೆ. ಎರಡನೆಯದು ಹೊಣೆ: ಇಂಥ ಅಧಿಕಾರಿಯನ್ನು ಕೇಳಬಹುದೆಂಬುದು ಗೊತ್ತಾಗುತ್ತದೆ. ಮೂರನೆಯದು ಹಣ: ವರ್ಷವರ್ಷವೂ ಆಯವ್ಯಯದಲ್ಲಿ ಅದಕ್ಕೊಂದು ಸಾಲು ಇರುತ್ತದೆ. ನಾಲ್ಕನೆಯದು ರಕ್ಷೆ: ಅದನ್ನು ಬೇರೊಂದು ಕೆಲಸಕ್ಕೆ ತೆಗೆದುಕೊಳ್ಳುವುದು ಸುಲಭವಾಗುವುದಿಲ್ಲ.

ನಾಲ್ಕನೆಯ ಪ್ರಯೋಜನವೇ ಎಲ್ಲಕ್ಕಿಂತ ಮುಖ್ಯವಾದುದು; ತಪ್ಪು ತಿಳಿವಳಿಕೆಗೆ ಎಡೆಗೊಡುವುದೂ ಅದೇ. ೧೯೭೫ರಲ್ಲಿ ಕರ್ನಾಟಕದಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಅಧಿನಿಯಮ ಜಾರಿಗೆ ಬಂದಿತು. ಲಾಲ್‌ಬಾಗ್, ಕಬ್ಬನ್ ಉದ್ಯಾನ ಮುಂತಾದವುಗಳ ನೆಲವನ್ನು ಮಾರುವುದು, ದಾನ ಕೊಡುವುದು, ಅಡವಿಡುವುದು ಮೊದಲಾದ ಪರಭಾರೆಗಳನ್ನು ಅದು ತಡೆಯುತ್ತದೆ. ಅದೇ ವರ್ಷ, ಲಾಲ್‌ಬಾಗಿನೊಳಗಿರುವ, ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಪಡೆಯಿತು. ಹೀಗೆ ಮರಕ್ಕೂ ಕಲ್ಲಿಗೂ ರಕ್ಷೆ ದೊರೆತಂತಾಯಿತು.

ಆದರೆ ಮುಂದೆ ನಗರದಲ್ಲಿ ಮೆಟ್ರೋ ರೈಲಿನ ಹಾದಿ ಬಂದಿತು. ಲಾಲ್‌ಬಾಗಿನ ಅಂಚಿನ ಸ್ವಲ್ಪ ನೆಲ ಅದಕ್ಕೆ ಬೇಕಾಯಿತು. ೧೯೭೫ರ ಕಾಯಿದೆ ಅಡ್ಡ ನಿಂತುದರಿಂದ ಸರ್ಕಾರವು ಮೊದಲು ಆ ಕಾಯಿದೆಯನ್ನೇ ತಿದ್ದಬೇಕಾಯಿತು. ೨೦೦೯ರಲ್ಲಿ ಮರಗಳು ಉರುಳಿದಾಗ ನಾಗರಿಕರೂ ವಿದ್ಯಾರ್ಥಿಗಳೂ ಬೀದಿಗಿಳಿದು ಪ್ರತಿಭಟಿಸಿದರು. ರೈಲು ಬೇಕೋ ಮರ ಬೇಕೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಎರಡು ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ವಿದ್ಯಾರ್ಥಿಗಳು ಗ್ರಹಿಸಬೇಕಾದ ತತ್ತ್ವ ಬೇರೆ. ಕಾಯಿದೆಯೆಂಬುದು ಕೋಟೆಯ ಗೋಡೆಯಂಥದಲ್ಲ, ಮನೆಯ ಬಾಗಿಲಿನಂಥದು. ಬಾಗಿಲನ್ನು ತೆರೆಯಲು ಬರುತ್ತದೆ; ಆದರೆ ತೆರೆಯುವವನು ಎಲ್ಲರ ಕಣ್ಣೆದುರಿಗೆ ತೆರೆಯಬೇಕು, ಕಾರಣ ಹೇಳಬೇಕು. ಬಾಗಿಲೇ ಇಲ್ಲದ ಮನೆಗೆ ಯಾರು ಯಾವಾಗ ನುಗ್ಗಿದರೆಂಬುದು ತಿಳಿಯುವುದೇ ಇಲ್ಲ. ಮಾನ್ಯತೆಯಿಲ್ಲದ ತೋಪು ಒಂದು ರಾತ್ರಿಯಲ್ಲಿ ಇಲ್ಲವಾಗಬಹುದು. ಮಾನ್ಯತೆ ಪಡೆದ ವನದ ಅಂಚನ್ನು ಮುಟ್ಟಬೇಕಾದರೂ ನಾಡೆಲ್ಲ ಮಾತನಾಡಿಕೊಳ್ಳುತ್ತದೆ.

೬. ಊರಿನ ತೋಪಿಗೂ ಗೌರವ

ಇಷ್ಟರವರೆಗೆ ಅರಸರ ತೋಟಗಳನ್ನೂ ಶ್ರೀಮಂತರ ದಾನಗಳನ್ನೂ ನೋಡಿದೆವು. ಸಾಮಾನ್ಯವಾದ ಊರಿನ ತೋಪಿಗೆ ಇಂಥ ಗೌರವ ದೊರೆಯಬಲ್ಲುದೇ? ದೊರೆಯಬಲ್ಲುದು, ದೊರೆತೂ ಇದೆ.

ದೇವನಹಳ್ಳಿಯ ಬಳಿ ನಲ್ಲೂರು ಎಂಬ ಗ್ರಾಮವಿದೆ. ಅಲ್ಲಿ ಐವತ್ತು ಎಕರೆಗೂ ಮಿಕ್ಕ ನೆಲದಲ್ಲಿ ಸುಮಾರು ಮುನ್ನೂರು ಹುಣಸೆಮರಗಳ ತೋಪೊಂದಿದೆ. ಅದು ಚೋಳರ ಕಾಲದ್ದೆಂದು ಪ್ರತೀತಿ. ಕೆಲವು ಮರಗಳ ಮೂಲಕಾಂಡ ಎಂದೋ ಟೊಳ್ಳಾಗಿ, ಬಾಗಿದ ಕೊಂಬೆ ನೆಲ ಮುಟ್ಟಿದೆಡೆ ಬೇರುಬಿಟ್ಟು ಹೊಸ ಮರವೇ ಎದ್ದುನಿಂತಿದೆ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ಈ ತೋಪನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಭಾರತದಲ್ಲಿ ಈ ಪದವಿಯನ್ನು ಪಡೆದ ಮೊದಲನೆಯ ಸ್ಥಳ ಇದೇ. ಹುಣಸೆಯ ತವರು ಆಫ್ರಿಕಾ ಎಂದು ಮೇಲೆ ಓದಿದಿರಷ್ಟೆ. ಹೊರಗಿನಿಂದ ಬಂದು ನೆಲೆನಿಂತ ಮರಕ್ಕೆ ದೇಶದ ಮೊದಲ ಗೌರವ ಸಂದಿತೆಂಬುದು ಸೊಗಸಾದ ಸಂಗತಿ.

ಈ ಮಾನ್ಯತೆಗೆ ಆಧಾರವಾದುದು ೨೦೦೨ರ ಜೀವವೈವಿಧ್ಯ ಅಧಿನಿಯಮ. ಇದು ಕೇಂದ್ರದ ಕಾನೂನಾದುದರಿಂದ ನಮ್ಮ ಊರು ತಮಿಳುನಾಡಿಗೆ ಸೇರಿರಲಿ, ಕೇರಳಕ್ಕೆ ಸೇರಿರಲಿ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗೋವೆಗಳಿಗೆ ಸೇರಿರಲಿ, ಎಲ್ಲೆಡೆಯೂ ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರವು ಇಂಥ ತಾಣಗಳನ್ನು ರಾಜ್ಯಪತ್ರದಲ್ಲಿ ಘೋಷಿಸಬಹುದೆಂದು ಅದರ ೩೭ನೆಯ ಪ್ರಕರಣ ಹೇಳುತ್ತದೆ.

ಪೋಷಕರಲ್ಲಿ ಒಂದು ಭಯವಿರುವುದು ಸಹಜ. 'ಸರ್ಕಾರವು ತೋಪಿಗೆ ಹೆಸರಿಟ್ಟರೆ ನಾಳೆ ಹುಣಸೆಹಣ್ಣು ಆಯಲು, ದನ ಮೇಯಿಸಲು ಬಿಡುವರೋ ಇಲ್ಲವೋ' ಎಂದು ಅವರು ಕೇಳಬಹುದು. ತೋಡರ ಮಂದಿನ ಬಳಿ ನಾವು ಮನಸ್ಸಿನಲ್ಲಿಟ್ಟುಕೊಂಡ ಮಾತು ಇದೇ. ಮಾನ್ಯತೆಯಿಂದ ಜೀವನಕ್ಕೆ ತೊಂದರೆಗೊಳಗಾದವರಿಗೆ ಪರಿಹಾರದ ಯೋಜನೆಯನ್ನು ರೂಪಿಸಬೇಕೆಂದು ಅದೇ ಪ್ರಕರಣ ವಿಧಿಸುತ್ತದೆ. ಊರಿನವರು ತಾವಾಗಿ ಒಪ್ಪಿಕೊಂಡ ಕಟ್ಟಳೆಗಳಲ್ಲದೆ, ರೂಢಿಯಲ್ಲಿರುವ ಬಳಕೆಗಳ ಮೇಲೆ ಬೇರೆ ನಿರ್ಬಂಧವಿರಬಾರದೆಂಬುದು ಈ ತಾಣಗಳ ಮಾರ್ಗಸೂಚಿಯ ಆಶಯ. ಹೀಗಿದ್ದರೂ ಸಮಾಲೋಚನೆಯ ಸಭೆಗೆ ಜನರು ಹೋಗಿ ಕುಳಿತು ಬಾಯಿಬಿಟ್ಟು ಮಾತನಾಡಿದರೆ ಮಾತ್ರ ಈ ರಕ್ಷಣೆ ಕೈಗೆ ಹತ್ತುತ್ತದೆ.

ಇತ್ತೀಚಿನ ಒಂದು ನಿದರ್ಶನವನ್ನು ಕೊಡುತ್ತೇನೆ. ಮದುರೆ ಜಿಲ್ಲೆಯ ಅರಿಟ್ಟಾಪಟ್ಟಿಯು ೨೦೨೨ರಲ್ಲಿ ತಮಿಳುನಾಡಿನ ಮೊದಲ ಜೀವವೈವಿಧ್ಯ ಪರಂಪರೆಯ ತಾಣವೆನಿಸಿತು. ೨೦೨೪ರಲ್ಲಿ ಟಂಗ್‌ಸ್ಟನ್ ಲೋಹದ ಗಣಿಗಾಗಿ ಹರಾಜಾದ ನೆಲದಲ್ಲಿ ಈ ತಾಣದ ಭಾಗವೂ ಸೇರಿದ್ದಿತು. ಊರಿನವರು ಒಕ್ಕೊರಲಿನಿಂದ ವಿರೋಧಿಸಿದರು; ರಾಜ್ಯದ ವಿಧಾನಸಭೆಯು ನಿರ್ಣಯ ಮಾಡಿತು; ೨೦೨೫ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಆ ಹರಾಜನ್ನು ರದ್ದುಪಡಿಸಿತು. ಮಾನ್ಯತೆಯೊಂದೇ ಇದ್ದು ಜನ ಸುಮ್ಮನಿದ್ದರೆ ಗಣಿಯ ಯಂತ್ರ ಬರುತ್ತಿತ್ತೋ ಏನೋ. ಜನ ಕೂಗಿದ್ದರೂ ಮಾನ್ಯತೆಯಿರದಿದ್ದರೆ ಅವರ ವಾದಕ್ಕೆ ಊರುಗೋಲು ಇರುತ್ತಿರಲಿಲ್ಲ. ಎರಡೂ ಕೂಡಿದಾಗ ಕಾರ್ಯಸಿದ್ಧಿಯಾಯಿತು.

೭. ನಾವು ಮಾಡಬಹುದಾದ ಕೆಲಸ

ಇಷ್ಟು ತಿಳಿದ ಮೇಲೆ ಕೈಕಟ್ಟಿ ಕುಳಿತರೆ ಪಾಠದಿಂದ ಫಲವಿಲ್ಲ. ಮೇಲೆ ಹೇಳಿದ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಬರೆದಿಡುವ ಜನರ ದಾಖಲೆ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ನಮ್ಮ ತೋಪಿನ ಹೆಸರಿದೆಯೇ? ಅಲ್ಲಿ ಮರಗಳ ಕನ್ನಡ ಹೆಸರುಗಳಿವೆಯೇ? ಇದು ಗಡಿನಾಡಿನ ನಮಗೆ ಬಹಳ ಮುಖ್ಯವಾದ ಪ್ರಶ್ನೆ. ಹೊಂಗೆ, ಹಿಪ್ಪೆ, ನೇರಳೆ, ಮತ್ತಿ, ಬೇಲ, ಅರಳಿ ಎಂಬ ಹೆಸರುಗಳು ನಮ್ಮ ಅಜ್ಜಿಯರ ನಾಲಗೆಯ ಮೇಲಿವೆ. ಯಾವ ಎಲೆ ಯಾವ ನೋವಿಗೆ, ಯಾವ ಮರ ನೇಗಿಲಿಗೆ, ಯಾವುದು ನೊಗಕ್ಕೆ ಎಂಬ ತಿಳಿವಳಿಕೆ ಅಜ್ಜಂದಿರಲ್ಲಿದೆ. ರಾಜ್ಯದ ಭಾಷೆಯ ಹೆಸರಿನ ಪಕ್ಕದಲ್ಲಿ ನಮ್ಮ ಹೆಸರೂ ಬರೆಯಲ್ಪಡಲಿ ಎಂದು ನಾವು ಕೇಳಿದರೆ ಯಾರಿಗೂ ನಷ್ಟವಿಲ್ಲ. ಕೇಳದಿದ್ದರೆ ಮಾತ್ರ ಒಂದು ತಲೆಮಾರಿನಲ್ಲಿ ಆ ಹೆಸರುಗಳು ಮರೆತುಹೋಗುವುವು. ಮರ ಉಳಿದು ಹೆಸರು ಅಳಿದರೆ ಅದೂ ಒಂದು ಬಗೆಯ ಕಡಿತವೇ.

ಪೋಷಕರು ಮಾಡಬೇಕಾದ ಕೆಲಸವಿದು: ಹಿರಿಯರನ್ನು ಕೂರಿಸಿಕೊಂಡು ಮಕ್ಕಳು ಬರೆದುಕೊಳ್ಳುವಂತೆ ಮಾಡಿರಿ, ಪಂಚಾಯಿತಿಯ ಸಭೆಯಲ್ಲಿ ದಾಖಲೆ ಪುಸ್ತಕವನ್ನು ತೋರಿಸಿರೆಂದು ವಿನಯದಿಂದ ಕೇಳಿರಿ. ತೋಪು ನಿಜವಾಗಿ ವಿಶೇಷವಾದುದಾದರೆ, ಪಂಚಾಯಿತಿಯ ನಿರ್ಣಯದೊಡನೆ ರಾಜ್ಯದ ಜೀವವೈವಿಧ್ಯ ಮಂಡಳಿಗೆ ಬರೆದುಕೊಳ್ಳಬಹುದು. ಮಕ್ಕಳ ಕೆಲಸವು ಶಾಲೆಯ ಅಂಗಳದಿಂದ ಆರಂಭವಾಗಲಿ. ಪ್ರತಿ ಮರಕ್ಕೂ ಒಂದು ಸಂಖ್ಯೆ, ಪುಸ್ತಕದಲ್ಲಿ ಒಂದು ಪುಟ. ಕನ್ನಡದ ಹೆಸರು, ರಾಜ್ಯಭಾಷೆಯ ಹೆಸರು, ಶಾಸ್ತ್ರೀಯ ಹೆಸರು, ನೆಟ್ಟ ವರ್ಷ ತಿಳಿದಿದ್ದರೆ ಅದು, ಸುತ್ತಳತೆ, ಎತ್ತರ, ಹೂ ಬಿಡುವ ತಿಂಗಳು, ಇಷ್ಟನ್ನು ಬರೆಯಿರಿ. ಸುತ್ತಳತೆಯನ್ನು ನೆಲದಿಂದ ೧೩೭ ಸೆಂಟಿಮೀಟರು ಮೇಲೆ, ಎಂದರೆ ದೊಡ್ಡವರ ಎದೆಯ ಮಟ್ಟದಲ್ಲಿ, ದಾರ ಸುತ್ತಿ ಅಳೆಯುವುದು ವಾಡಿಕೆ.

ಎತ್ತರವನ್ನು ಮರ ಹತ್ತದೆ ತಿಳಿಯುವ ಉಪಾಯವನ್ನು ರೇಖಾಗಣಿತವು ಕಲಿಸುತ್ತದೆ. ಒಂದು ಮೀಟರು ಉದ್ದದ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಹೊತ್ತಿಗೆ, ಸಮತಟ್ಟಾದ ನೆಲದ ಮೇಲೆ ಬಿ ಬಿದ್ದ ಮರದ ನೆರಳನ್ನೂ ಬುಡದಿಂದ ತುದಿಯವರೆಗೆ ಅಳೆಯಿರಿ. ಕೋಲಿನ ನೆರಳು ೮೦ ಸೆಂಟಿಮೀಟರು, ಮರದ ನೆರಳು ೧೨ ಮೀಟರು ಎಂದಿಟ್ಟುಕೊಳ್ಳೋಣ. ೧೨ನ್ನು ೦.೮ರಿಂದ ಭಾಗಿಸಿದರೆ ೧೫ ಬರುತ್ತದೆ. ಮರದ ಎತ್ತರ ೧೫ ಮೀಟರು. ಸೂರ್ಯನ ಕಿರಣಗಳು ಕೋಲಿಗೂ ಮರಕ್ಕೂ ಒಂದೇ ಓರೆಯಲ್ಲಿ ಬೀಳುವುದರಿಂದ ಎರಡು ತ್ರಿಕೋನಗಳೂ ಸಮರೂಪವಾಗುತ್ತವೆ. ಅದೇ ಇದರ ರಹಸ್ಯ.

ಪ್ರತಿ ವರ್ಷವೂ ಒಂದೇ ತಿಂಗಳಿನಲ್ಲಿ ಹೀಗೆ ಅಳೆದು ಬರೆಯುತ್ತ ಹೋದರೆ, ಮೇಲಿನ ತರಗತಿಗೆ ಹೋಗುವವರು ಕೆಳಗಿನ ತರಗತಿಯವರ ಕೈಗೆ ಪುಸ್ತಕವನ್ನು ಒಪ್ಪಿಸುತ್ತ ಬಂದರೆ, ಹತ್ತು ವರ್ಷಗಳಲ್ಲಿ ಶಾಲೆಯ ಅಂಗಳವೇ ಒಂದು ಚಿಕ್ಕ ವೃಕ್ಷವನವಾಗುತ್ತದೆ. ೧೭೯೯ರ ಅನಂತರ ಲಾಲ್‌ಬಾಗಿಗೆ ಇಲ್ಲದೆ ಹೋದದ್ದು ಇಂಥ ಒಪ್ಪಿಸುವ ಕ್ರಮವೇ. ಸರ್ಕಾರದ ಮುದ್ರೆ ಬರುವುದು ಕೊನೆಗೆ. ಅದಕ್ಕೆ ಮೊದಲು ಯಾರಾದರೂ ಆ ಮರಗಳನ್ನು ಎಣಿಸಿ, ಹೆಸರು ಹಿಡಿದು ಕರೆದಿರಬೇಕು. ಆ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಒಂದು ದಾರ, ಒಂದು ಕೋಲು, ಒಂದು ನೋಟುಪುಸ್ತಕ, ಇಷ್ಟಿದ್ದರೆ ಸಾಕು.

ಅಭ್ಯಾಸ

೧. ತೋಪು, ತೋಟ, ಉದ್ಯಾನ, ವೃಕ್ಷವನ, ಇವುಗಳಿಗಿರುವ ಭೇದವನ್ನು ನಿಮ್ಮ ಊರಿನ ಉದಾಹರಣೆಗಳೊಡನೆ ವಿವರಿಸಿರಿ.

೨. ೧೭೯೯ರಿಂದ ೧೮೫೬ರ ವರೆಗೆ ಲಾಲ್‌ಬಾಗು ಯಾರಾರ ವಶದಲ್ಲಿತ್ತು? ಕ್ರಮವಾಗಿ ಬರೆಯಿರಿ.

೩. 'ಕಾಯಿದೆಯು ಬಾಗಿಲಿನಂಥದು' ಎಂಬ ಮಾತಿನ ಅರ್ಥವೇನು? ನೀವು ಅದನ್ನು ಒಪ್ಪುವಿರಾ?

೪. ಒಂದು ಮೀಟರು ಕೋಲಿನ ನೆರಳು ೫೦ ಸೆಂಟಿಮೀಟರು ಇರುವಾಗ ಅರಳಿಮರದ ನೆರಳು ೯ ಮೀಟರು ಇದ್ದರೆ ಮರದ ಎತ್ತರವೆಷ್ಟು?

೫. ನಿಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಮರಗಳ ಕನ್ನಡ ಹೆಸರುಗಳನ್ನೂ ನಿಮ್ಮ ರಾಜ್ಯದ ಭಾಷೆಯ ಹೆಸರುಗಳನ್ನೂ ಪಟ್ಟಿಮಾಡಿರಿ. ಅವುಗಳಲ್ಲಿ ಯಾವ ಹೆಸರು ನಿಮಗೆ ಮೊದಲು ತಿಳಿದಿರಲಿಲ್ಲ?